ಹುಡುಗನ್ನ ಬಾಲಾಪರಾಧಿ ಅನ್ನಬಹುದಾ?

ಪ್ರಶ್ನೆ: ಮೇಡಂ, ನಾನು ಹೈಸ್ಕೂಲ್ ಮೇಷ್ಟ್ರು. ಒಂಬತ್ತನೇ ಕ್ಲಾಸಿನ ಹುಡುಗ ಒಬ್ಬ ಮೊಬೈಲ್ ಕಳವಿನ ಕೇಸಲ್ಲಿ ಸಿಕ್ಕಾಕೊಂಡಿದಾನೆ. ಸ್ಟಾಫ್ ರೂಮಲ್ಲಿ ಎಲ್ರೂ ಬಾಲಾಪರಾಧಿ ಅಂತಾರೆ, ನಾನೂ ರಿಜಿಸ್ಟರಲ್ಲಿ ಹಾಗೇ ಬರೆದೆ. ಹೆಡ್ ಮಾಸ್ಟ್ರು ನೋಡಿ, ಅದನ್ನ ಹೊಡೆದುಹಾಕಿ 'ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು' ಅಂತ ಬರೀರಿ ಅಂದ್ರು. ಎರಡೂ ಒಂದೇ ಅಲ್ವಾ? ಇಷ್ಟುದ್ದ ಯಾಕೆ?

ಉತ್ತರ: ಒಂದೇ ಅಲ್ಲ ಮೇಷ್ಟ್ರೇ. ನಿಮ್ಮ ಹೆಡ್ ಮಾಸ್ಟ್ರು ಹೇಳಿದ್ದು ಸರಿ ಇದೆ, ಪದ ಉದ್ದ ಅನ್ನೋ ನಿಮ್ಮ ದೂರೂ ಸರಿನೇ.

ಮೊದಲು 'ಅಪರಾಧಿ' ನೋಡಿ. ದೊಡ್ಡವರ ಕೇಸಲ್ಲೂ ಕೋರ್ಟು ತೀರ್ಪು ಕೊಡೋವರೆಗೆ ಆರೋಪಿ ಅಂತೀವಿ, ತಪ್ಪು ಸಾಬೀತಾದ ಮೇಲೇ ಅಪರಾಧಿ, ಆದ್ರೆ ಹುಡುಗರ ವಿಷಯ ಬಂದ್ರೆ ಸ್ಟೇಷನ್ ಮೆಟ್ಟಿಲು ಹತ್ತಿದ ದಿನಾನೇ ಬಾಲಾಪರಾಧಿ ಅಂದುಬಿಡ್ತೀವಿ, ಅಂದ್ರೆ ದೊಡ್ಡವರಿಗೆ ಇರೋ ಮರ್ಯಾದೆನೂ ಮಕ್ಕಳಿಗಿಲ್ಲ.

ಇನ್ನೊಂದು, ಇದು ನಮ್ಮ ಭಾಷೆದೇ ಸೂಕ್ಷ್ಮ. 'ಕದ್ದ ಹುಡುಗ' ಅನ್ನೋದಕ್ಕೂ 'ಕಳ್ಳ ಹುಡುಗ' ಅನ್ನೋದಕ್ಕೂ ಇರೋ ವ್ಯತ್ಯಾಸ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಮೊದಲನೇದು ಅವತ್ತು ನಡೆದಿದ್ದನ್ನ ಹೇಳುತ್ತೆ, ಎರಡನೇದು ಅವನು ಏನು ಅನ್ನೋದನ್ನೇ ಹೇಳಿಬಿಡುತ್ತೆ. ಕಿಡಿಗೇಡಿ, ಪುಂಡ, ಪೋಕರಿ ಎಲ್ಲಾ ಇದೇ ಗುಂಪಿನವು. 'ಸಂಘರ್ಷಕ್ಕೊಳಗಾದ ಮಗು' ಕೇಳೋಕೆ ಸರ್ಕಾರಿ ಸುತ್ತೋಲೆ ಥರ ಇದ್ರೂ ಮೊದಲನೇ ಗುಂಪಿಗೆ ಸೇರುತ್ತೆ, ಕೊನೇಲಿ ಉಳಿಯೋದು ಮಗು.

ಕಾನೂನೂ ಒಂದೇ ಸಲಕ್ಕೆ ಇಲ್ಲಿಗೆ ಬಂದಿದ್ದಲ್ಲ. 1986ರ ಬಾಲನ್ಯಾಯ ಕಾಯ್ದೇಲಿ ಡೆಲಿಂಕ್ವೆಂಟ್ ಜುವೆನೈಲ್ ಅಂತಿತ್ತು, ನಮ್ಮ ಬಾಲಾಪರಾಧಿಗೆ ಹತ್ತಿರದ್ದು. ಆಗ ಹುಡುಗರಿಗೆ 16, ಹುಡುಗೀರಿಗೆ 18 ವರ್ಷದ ಮಿತಿ. 2000ದ ಕಾಯ್ದೆ ಇಬ್ಬರಿಗೂ 18 ಮಾಡಿ 'ಕಾನೂನಿನ ಜೊತೆ ಸಂಘರ್ಷ' ಅನ್ನೋ ಮಾತು ತಂತು, 2015ರದು ಜುವೆನೈಲ್ ಜಾಗದಲ್ಲಿ ಮಗು ಅಂತ ಇಟ್ಟಿತು. ಕೃತ್ಯ ನಡೆದ ದಿನ 18 ತುಂಬಿರಬಾರದು ಅಷ್ಟೇ, ಕೇಸ್ ನಡೆಯೋ ಹೊತ್ತಿಗೆ ಮೀಸೆ ಬಂದಿದ್ರೂ ಕಾಯ್ದೆ ಲೆಕ್ಕದಲ್ಲಿ ಅವನು ಮಗುನೇ!

ಪ್ರಶ್ನೆ: ಹಾಗಾದ್ರೆ ಬಾಲಾರೋಪಿ ಅನ್ನಬಹುದಲ್ಲ? ಚಿಕ್ಕದಾಗೂ ಇದೆ.

ಉತ್ತರ: ಬಾಲಾಪರಾಧಿಗಿಂತ ವಾಸಿ, ಆದ್ರೂ ಬೇಡ. 2000ದ ಕಾಯ್ದೆ ಅಡಿ ಬಂದ 2007ರ ಮಾದರಿ ನಿಯಮಗಳು ಮಕ್ಕಳ ಪ್ರಕ್ರಿಯೇಲಿ ಯಾವ ಪದ ಬಳಸಬಾರದು ಅಂತ ಒಂದು ಪಟ್ಟಿನೇ ಕೊಟ್ಟಿದ್ವು: ಅರೆಸ್ಟ್, ರಿಮ್ಯಾಂಡ್, ಆರೋಪಿ, ಚಾರ್ಜ್ ಶೀಟ್, ವಾರೆಂಟ್, ಜೈಲು, ಹೀಗೆ. 2015ರ ಕಾಯ್ದೆಯ 3ನೇ ಸೆಕ್ಷನ್ನಲ್ಲೂ ಆರೋಪ ಹೊರಿಸೋ ಧಾಟಿಯ ಪದ ಬೇಡ ಅನ್ನೋ ತತ್ವ ಉಳಿದುಕೊಂಡಿದೆ. ಅದಕ್ಕೇ ಬಂಧಿಸಿದರು ಅನ್ನೋ ಬದಲು ವಶಕ್ಕೆ ಪಡೆದರು ಅನ್ನಬೇಕು, ಜನ ಈಗಲೂ ರಿಮ್ಯಾಂಡ್ ಹೋಮ್ ಅನ್ನೋದು ಕಾಗದದಲ್ಲಿ ವೀಕ್ಷಣಾಲಯ, ಕೇಸ್ ನೋಡೋದು ಬಾಲನ್ಯಾಯ ಮಂಡಳಿ, ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಇರ್ತಾರೆ, ಅವರಲ್ಲಿ ಒಬ್ಬರಾದ್ರೂ ಹೆಂಗಸಾಗಿರಬೇಕು.

ಪದ ಬದಲಾಯಿಸಿದ ತಕ್ಷಣ ಎಲ್ಲಾ ಸರಿಹೋಗುತ್ತೆ ಅಂತ ನಾನೇನೂ ನಂಬಿಲ್ಲ. ಆ ಉದ್ದದ ಹೆಸರನ್ನ ಆಫೀಸುಗಳಲ್ಲಿ ಸಿಸಿಎಲ್ (ಚೈಲ್ಡ್ ಇನ್ ಕಾನ್‌ಫ್ಲಿಕ್ಟ್ ವಿತ್ ಲಾ) ಅಂತ ಮೊಟಕು ಮಾಡಿಕೊಂಡಿದಾರೆ, 'ಆ ಸಿಸಿಎಲ್ ಹುಡುಗನ್ನ ಕರೀರಿ' ಅಂದ್ರೆ ಅದೂ ಹಣೆಪಟ್ಟಿನೇ ತಾನೆ. 'ಸಂಘರ್ಷಕ್ಕೊಳಗಾದ' ಅನ್ನೋದೂ ನನಗೆ ಅಷ್ಟು ಹಿಡಿಸಲ್ಲ, ಯಾವುದೋ ಯುದ್ಧದಲ್ಲಿ ಸಿಕ್ಕಾಕೊಂಡಂಗೆ ಕೇಳುತ್ತೆ. ಮಾತಾಡೋವಾಗ 'ಕೇಸಲ್ಲಿ ಸಿಕ್ಕಿದ ಹುಡುಗ' ಅಂದ್ರೆ ಸಾಕು, ನಿಮ್ಮ ಪ್ರಶ್ನೆ ಶುರುವಾಗಿದ್ದೇ ಹಾಗೆ, ಗಮನಿಸಿದ್ರಾ?

ಪ್ರಶ್ನೆ: ಶಾಲೆ ವಾಟ್ಸಾಪ್ ಗ್ರೂಪಲ್ಲಿ ಅವನ ಫೋಟೋ ಬಂದಿದೆ, ಟಿಸಿಯಲ್ಲೂ ವಿಷಯ ಬರೀಬೇಕು ಅಂತಾರೆ ಕೆಲವರು.

ಉತ್ತರ: ಫೋಟೋ ಮೊದಲು ತೆಗೆಸಿ. 2015ರ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಇಂಥ ಕೇಸಲ್ಲಿ ಮಗುವಿನ ಹೆಸರು, ವಿಳಾಸ, ಫೋಟೋ, ಕೊನೆಗೆ ಓದೋ ಶಾಲೆ ಹೆಸರೂ ಪ್ರಕಟ ಮಾಡೋ ಹಾಗಿಲ್ಲ, ಮಾಡಿದವರಿಗೆ 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಪೇಪರ್ ಟಿವಿಗೆ ಮಾತ್ರ ಅಲ್ಲ, ಬೇರೆ ಥರದ ಸಂವಹನಕ್ಕೂ ಅನ್ವಯ.

ಟಿಸಿಯಲ್ಲಿ ಒಂದಕ್ಷರನೂ ಬೇಡ. ತಪ್ಪು ಸಾಬೀತಾದ್ರೂ ಅದರಿಂದ ಮುಂದೆ ಅವನಿಗೆ ಅನರ್ಹತೆ ಬರಬಾರದು ಅಂತ 24ನೇ ಸೆಕ್ಷನ್ ಇದೆ (16 ದಾಟಿದವರ ಘೋರ ಕೃತ್ಯಗಳಲ್ಲಿ ಇದಕ್ಕೆ ವಿನಾಯಿತಿ ಉಂಟು, ಮೊಬೈಲ್ ಕಳವು ಆ ಲೆಕ್ಕಕ್ಕೆ ಬರಲ್ಲ). ರಿಜಿಸ್ಟರಲ್ಲಿ ನೀವು ಬರೆದಿದ್ದೀರಲ್ಲ, ಅಲ್ಲಿ ಉದ್ದದ ಪದನೂ ಬೇಡ, ಗಿಡ್ಡದ್ದೂ ಬೇಡ. ಎಷ್ಟು ದಿನ ಬಂದಿಲ್ಲವೋ ಅಷ್ಟು ದಿನ ಗೈರು ಅಂತ ಹಾಕಿ.