ವಜಾ ಆದವರಿಗೆ ಮತ್ತೆ ಕೆಲಸ ಸಿಗುತ್ತಾ?

ಪ್ರಶ್ನೆ: ಮೇಡಂ, ನನಗೆ 31 ವರ್ಷ. ಬಿ.ಕಾಂ. ಓದಿದ್ದೇನೆ. ರಾಣೆಬೆನ್ನೂರು ಹತ್ತಿರದ ಹಳ್ಳಿಯವನು. ಆರು ವರ್ಷ ಒಂದು ಮೈಕ್ರೋಫೈನಾನ್ಸ್ ಕಂಪನಿಯಲ್ಲಿ ಫೀಲ್ಡ್ ಆಫೀಸರ್ ಆಗಿದ್ದೆ. ಹಳ್ಳಿ ಹಳ್ಳಿಗೆ ಹೋಗಿ ಸಂಘದ ಹೆಂಗಸರಿಂದ ವಾರದ ಕಂತು ವಸೂಲಿ ಮಾಡಿ ಬ್ರಾಂಚಿಗೆ ಕಟ್ಟುವುದು ನನ್ನ ಕೆಲಸ. ತಂಗಿಯ ಹೆರಿಗೆ ಸಮಯದಲ್ಲಿ ಆಸ್ಪತ್ರೆಗೆ ತುರ್ತಾಗಿ ಹಣ ಕಟ್ಟಬೇಕಾಯಿತು. ಅವತ್ತಿನ ಕಲೆಕ್ಷನ್‌ನಲ್ಲಿ 18,000 ರೂಪಾಯಿ ತೆಗೆದುಕೊಂಡೆ. ನಾಲ್ಕನೇ ದಿನ ಪೂರ್ತಿ ಕಟ್ಟಿದೆ. ಆದರೂ ಆಡಿಟ್‌ನಲ್ಲಿ ಸಿಕ್ಕಿಬಿದ್ದೆ. ತಪ್ಪೊಪ್ಪಿಗೆ ಬರೆದುಕೊಟ್ಟೆ. ವಿಚಾರಣೆ ನಡೆಸಿ, ದುರ್ನಡತೆ ಅಂತ ವಜಾ ಮಾಡಿದರು. ಪೊಲೀಸ್ ಕಂಪ್ಲೇಂಟ್ ಕೊಟ್ಟಿಲ್ಲ. ಎಂಟು ತಿಂಗಳಾಯಿತು. ಬೇರೆ ಫೈನಾನ್ಸ್ ಕಂಪನಿಗಳಲ್ಲಿ ಇಂಟರ್‌ವ್ಯೂ ಚೆನ್ನಾಗಿಯೇ ಆಗುತ್ತದೆ, ಆಮೇಲೆ ಫೋನೇ ಬರುವುದಿಲ್ಲ. ಗೆಳೆಯನೊಬ್ಬ ಬೇರೆ ಕಂಪನಿ ಹೆಸರಲ್ಲಿ ಎಕ್ಸ್‌ಪೀರಿಯನ್ಸ್ ಲೆಟರ್ ಮಾಡಿಸಿಕೊಡುತ್ತೇನೆ ಅನ್ನುತ್ತಾನೆ. ಮಾಡಿಸಲಾ? ಕೋರ್ಟಿಗೆ ಹೋಗಲಾ? ಪಿಎಫ್, ಗ್ರಾಚ್ಯುಟಿ ಸಿಗುತ್ತಾ? ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಬಹುದಾ? ಅಪ್ಪನಿಗೆ ಇನ್ನೂ ಹೇಳಿಲ್ಲ. ದಿನಾ ಬ್ಯಾಗ್ ಹಾಕಿಕೊಂಡು ಬೈಕ್ ಹತ್ತಿ ಹೊರಡುತ್ತೇನೆ.
— ಹೆಸರು ಬೇಡ

ಉತ್ತರ: ಮೊದಲು ಆ ಲೆಟರ್ ವಿಷಯ. ಬೇಡವೇ ಬೇಡ. ನಿಮ್ಮ ಪಿಎಫ್ ಖಾತೆಗೆ 12 ಅಂಕಿಯ ಯುಎಎನ್ ನಂಬರ್ ಇದೆ ಅಲ್ವಾ? ಯಾವ ಕಂಪನಿ ಯಾವ ತಿಂಗಳು ನಿಮ್ಮ ಹೆಸರಲ್ಲಿ ಹಣ ಕಟ್ಟಿತು, ನೀವು ಸೇರಿದ್ದು ಯಾವಾಗ, ಬಿಟ್ಟಿದ್ದು ಯಾವಾಗ, ಎಲ್ಲ ಅದರಲ್ಲಿ ಸಾಲಾಗಿ ಕೂತಿರುತ್ತದೆ. ಹೊಸ ಕಂಪನಿಯವರು ನಿಮ್ಮ ಲೆಟರ್ ಪಕ್ಕದಲ್ಲಿ ಪಿಎಫ್ ಪಾಸ್‌ಬುಕ್ ಇಟ್ಟು ನೋಡಿದರೆ ಮುಗಿಯಿತು. ಆಗ ನೀವು ಹಳೆಯ ತಪ್ಪಿನ ಮನುಷ್ಯ ಆಗಿ ಉಳಿಯುವುದಿಲ್ಲ, ಹೊಸದಾಗಿ ಮೋಸ ಮಾಡಲು ಬಂದವನಾಗುತ್ತೀರಿ. ಈಗ ನಿಮ್ಮ ಮೇಲೆ ಪೊಲೀಸ್ ಕೇಸ್ ಇಲ್ಲ. ನಕಲಿ ದಾಖಲೆ ತೋರಿಸಿದರೆ ಅದೂ ಆಗಬಹುದು.

ಇಂಟರ್‌ವ್ಯೂ ಆದಮೇಲೆ ಫೋನ್ ಯಾಕೆ ಬರುತ್ತಿಲ್ಲ ಅನ್ನುವುದಕ್ಕೂ ಕಾರಣ ಇದೆ. ನೀವು ಮತ್ತೆ ಫೈನಾನ್ಸ್ ಕಂಪನಿಗಳಿಗೇ ಹೋಗುತ್ತಿದ್ದೀರಿ. ಹಣ ಮುಟ್ಟುವ ಕೆಲಸಕ್ಕೆ ಜನರನ್ನು ತೆಗೆದುಕೊಳ್ಳುವಾಗ ಹಿಂದಿನ ಕಂಪನಿಗೆ ಫೋನ್ ಮಾಡದೆ ಯಾರೂ ತೆಗೆದುಕೊಳ್ಳುವುದಿಲ್ಲ. ನೀವು ಹೇಳದೆ ಬಿಟ್ಟಿದ್ದನ್ನು ಅವರು ಬೇರೆಯವರ ಬಾಯಲ್ಲಿ ಕೇಳುತ್ತಾರೆ. ಅಲ್ಲಿಗೆ ನಿಮ್ಮ ಫೈಲ್ ಪಕ್ಕಕ್ಕೆ ಹೋಗುತ್ತದೆ.

ನಾನು ಪೀಣ್ಯದ ಒಂದು ಕಾರ್ಖಾನೆಯ ಪರ್ಸನಲ್ ಡಿಪಾರ್ಟ್‌ಮೆಂಟ್‌ನಲ್ಲಿ ಬಹಳ ವರ್ಷ ಕೂತವಳು. ಫಾರಂನಲ್ಲಿ 'ಹಿಂದಿನ ಕೆಲಸ ಬಿಟ್ಟ ಕಾರಣ' ಅಂತ ಒಂದು ಚಿಕ್ಕ ಜಾಗ ಇರುತ್ತಿತ್ತು. ಸಾಮಾನ್ಯವಾಗಿ ಎಲ್ಲರೂ 'ವೈಯಕ್ತಿಕ ಕಾರಣ' ಅಂತ ಬರೆಯುತ್ತಿದ್ದರು. ಲೇತ್ ಆಪರೇಟರ್ ಕೆಲಸಕ್ಕೆ ಬಂದ ಒಬ್ಬರು ಮಾತ್ರ 'ವಜಾ. ಎದುರಿಗೆ ಹೇಳುತ್ತೇನೆ' ಅಂತ ಬರೆದಿದ್ದರು. ಕರೆದು ಕೂರಿಸಿ ಕೇಳಿದೆ. 'ಸೂಪರ್‌ವೈಸರ್ ಮೇಲೆ ಕೈ ಮಾಡಿದೆ ಮೇಡಂ. ನನ್ನದೇ ತಪ್ಪು. ಆರ್ಡರ್ ಕಾಪಿ ತಂದಿದ್ದೇನೆ' ಅಂದರು. ಬೈದದ್ದು ಯಾರು, ಮೊದಲು ತಳ್ಳಿದ್ದು ಯಾರು ಅನ್ನುವ ಕಥೆಯನ್ನೇ ತೆಗೆಯಲಿಲ್ಲ. ಹಳೆಯ ಕಂಪನಿಗೆ ಫೋನ್ ಮಾಡಿದೆ. ಅವರು ಹೇಳಿದ್ದೂ ಅದನ್ನೇ. ಎರಡೂ ಕಡೆಯ ಮಾತು ಹೊಂದಿದ್ದರಿಂದ ಮ್ಯಾನೇಜರ್ ಹತ್ತಿರ ಅವರ ಪರವಾಗಿ ಮಾತಾಡಲು ನನಗೆ ಧೈರ್ಯ ಬಂತು. ಆರು ತಿಂಗಳ ಪ್ರೊಬೇಷನ್ ಮೇಲೆ ತೆಗೆದುಕೊಂಡೆವು. ಕೊನೆಗೆ ಅಲ್ಲೇ ರಿಟೈರ್ ಆದರು.

ನೀವೂ ಹಾಗೇ ಮಾಡಿ. ರೆಸ್ಯೂಮೆಯಲ್ಲಿ ವಜಾ ಅಂತ ಬರೆಯಬೇಕಾಗಿಲ್ಲ. ಕೆಲಸ ಮಾಡಿದ ಕಂಪನಿ, ತಾರೀಖು ಸರಿಯಾಗಿ ಇರಲಿ, ಸಾಕು. ಆದರೆ ಎದುರಿಗೆ ಕೂತಾಗ, ಅವರು ಹಿಂದಿನ ಕಂಪನಿಗೆ ಫೋನ್ ಮಾಡುವ ಮುಂಚೆ, ನೀವೇ ಹೇಳಿಬಿಡಿ. ಹೀಗೆ: 'ಸರ್, ಹಿಂದಿನ ಕಂಪನಿಯವರು ನನ್ನನ್ನು ವಜಾ ಮಾಡಿದ್ದಾರೆ. ಕಲೆಕ್ಷನ್ ಹಣದಲ್ಲಿ 18,000 ರೂಪಾಯಿ ಬಳಸಿಕೊಂಡೆ. ನಾಲ್ಕನೇ ದಿನ ಪೂರ್ತಿ ಕಟ್ಟಿದೆ, ರಸೀದಿ ಇದೆ. ತಪ್ಪು ನನ್ನದು. ನೀವು ವಿಚಾರಿಸಿದರೂ ಇದೇ ಗೊತ್ತಾಗುತ್ತದೆ.' ಅಷ್ಟೇ. ಅಲ್ಲಿಗೆ ನಿಲ್ಲಿಸಿ. ತಂಗಿಯ ಹೆರಿಗೆ ವಿಷಯ ಅವರಾಗಿ ಕೇಳಿದರೆ ಮಾತ್ರ ಹೇಳಿ. ಕಾರಣ ಮೊದಲು ಬಂದರೆ ಕೇಳುವವರಿಗೆ ನೆಪದ ಹಾಗೆ ಕಾಣುತ್ತದೆ. ಹಳೆಯ ಮ್ಯಾನೇಜರ್ ಬಗ್ಗೆ ಒಂದು ಕೆಟ್ಟ ಮಾತೂ ಬೇಡ. ಕನ್ನಡಿ ಮುಂದೆ ನಿಂತು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ಮೊದಮೊದಲು ಗಂಟಲು ಕಟ್ಟುತ್ತದೆ, ಆಮೇಲೆ ಸಲೀಸಾಗುತ್ತದೆ.

ಕೆಲವರು ಬಾಗಿಲು ಹಾಕುತ್ತಾರೆ. ಹಾಕಲಿ. ಮುಚ್ಚಿಟ್ಟಿದ್ದರೂ ಅವರು ಹಾಕುತ್ತಿದ್ದರು.

ಕೋರ್ಟ್ ಬಗ್ಗೆ ನೇರವಾಗಿ ಹೇಳುತ್ತೇನೆ. ಶಿಕ್ಷೆ ತಪ್ಪಿಗಿಂತ ಜಾಸ್ತಿ ಆಯಿತು ಅನ್ನಿಸಿದರೆ ಅದನ್ನು ಕಡಿಮೆ ಮಾಡುವ ಅಧಿಕಾರ ಕಾರ್ಮಿಕ ನ್ಯಾಯಾಲಯಕ್ಕೆ ಇದೆ. ಆದರೆ ಹಣದ ವಿಷಯದಲ್ಲಿ ಕೋರ್ಟುಗಳು ಬಿಗಿ. 2001ರಲ್ಲಿ ನಮ್ಮ ಕೆಎಸ್‌ಆರ್‌ಟಿಸಿ ಕಂಡಕ್ಟರ್ ಒಬ್ಬರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ವಜಾ ಸರಿ ಅಂದಿತು. ಮೊತ್ತ ಚಿಕ್ಕದು ಅನ್ನುವ ಮಾತು ಇಂಥ ಕೇಸುಗಳಲ್ಲಿ ನಡೆಯುವುದಿಲ್ಲ, ನಂಬಿಕೆ ಹೋಯಿತಾ ಅನ್ನುವುದನ್ನೇ ನೋಡುತ್ತಾರೆ. ನೀವು ತಪ್ಪೊಪ್ಪಿಗೆ ಬೇರೆ ಬರೆದುಕೊಟ್ಟಿದ್ದೀರಿ. ವಿಚಾರಣೆಯಲ್ಲಿ ಆರೋಪಪಟ್ಟಿಯನ್ನೇ ಕೊಡದೆ, ನಿಮ್ಮ ಮಾತು ಕೇಳದೆ ಮುಗಿಸಿದ್ದರೆ ಅದು ಬೇರೆ. ಹಾಗೇನಾದರೂ ಆಗಿದ್ದರೆ ಕಾಗದಪತ್ರ ಹಿಡಿದು ವಕೀಲರನ್ನು ಬೇಗ ನೋಡಿ, ಕಾಲಮಿತಿ ಇದೆ. ದುಡ್ಡಿಲ್ಲದಿದ್ದರೆ ಹಾವೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಎಲ್ಲ ನಿಯಮದ ಪ್ರಕಾರವೇ ನಡೆದಿದ್ದರೆ ಆ ಕೆಲಸ ವಾಪಸ್ ಬರುತ್ತದೆ ಅಂತ ಕಾಯುತ್ತಾ ವರ್ಷ ಕಳೆಯಬೇಡಿ.

ಪಿಎಫ್ ಪೂರ್ತಿ ನಿಮ್ಮದು. ನಿಮ್ಮ ಪಾಲು, ಕಂಪನಿ ಕಟ್ಟಿದ ಪಾಲು ಎರಡೂ. ವಜಾ ಆದರೂ ಯಾರೂ ಅದನ್ನು ಹಿಡಿದಿಡುವಂತಿಲ್ಲ. ಕಂಪನಿಯವರು ನೀವು ಬಿಟ್ಟ ತಾರೀಖು ಹಾಕಿದ್ದಾರಾ ಅಂತ ಪಿಎಫ್ ಪೋರ್ಟಲ್‌ನಲ್ಲಿ ನೋಡಿ. ಹಾಕಿರದಿದ್ದರೆ ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ನೀವೇ ಅಲ್ಲಿ ಹಾಕಬಹುದು. ಗ್ರಾಚ್ಯುಟಿ ಮಾತ್ರ ಸ್ವಲ್ಪ ಕಷ್ಟ. ಐದು ವರ್ಷ ದಾಟಿದ್ದರಿಂದ ನಿಮಗೆ ಹಕ್ಕು ಇದೆ. ಆದರೆ ಹಣ ದುರುಪಯೋಗದಂಥ ಕಾರಣಕ್ಕೆ ವಜಾ ಆದರೆ ಅದನ್ನು ಪೂರ್ತಿಯಾಗಿಯೋ ಭಾಗವಾಗಿಯೋ ತಡೆಹಿಡಿಯಲು ಕಾನೂನಿನಲ್ಲಿ ಅವಕಾಶ ಇದೆ. ಹಾಗಂತ ಸುಮ್ನೆ ಕೊಡದೆ ಇರುವಂತಿಲ್ಲ. ನಿಮಗೆ ನೋಟಿಸ್ ಕೊಟ್ಟು, ಉತ್ತರ ಕೇಳಿ, ಲಿಖಿತ ಆದೇಶ ಮಾಡಬೇಕು. ಅಂಥ ಆದೇಶ ಬಂದಿಲ್ಲ ಅಂದರೆ ಬರವಣಿಗೆಯಲ್ಲಿ ಕೇಳಿ. ಉತ್ತರ ಬರದಿದ್ದರೆ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಿ. ಅದೇ ಪತ್ರದಲ್ಲಿ ಸರ್ವಿಸ್ ಸರ್ಟಿಫಿಕೇಟ್ ಕೂಡ ಕೇಳಿ. ಎಷ್ಟು ವರ್ಷ, ಯಾವ ಹುದ್ದೆಯಲ್ಲಿದ್ದಿರಿ ಅನ್ನುವ ಕಾಗದ ಅಷ್ಟೇ ಅದು. ಗೆಳೆಯ ಮಾಡಿಸಿಕೊಡುವ ಲೆಟರ್‌ಗಿಂತ ಸಾವಿರ ಪಾಲು ಮೇಲು.

ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಬಹುದು. ಖಾಸಗಿ ಕಂಪನಿ ವಜಾ ಮಾಡಿದ್ದೊಂದೇ ಸಾಮಾನ್ಯವಾಗಿ ಅದಕ್ಕೆ ಅಡ್ಡ ಬರುವುದಿಲ್ಲ. ಫಾರಂನಲ್ಲಿ ಕೇಳಿದ್ದಕ್ಕೆಲ್ಲ ನಿಜವನ್ನೇ ಬರೆಯಿರಿ. ಆಯ್ಕೆಯಾದ ಮೇಲೆ ಸುಳ್ಳು ಸಿಕ್ಕರೆ ಸಿಕ್ಕಿದ ಕೆಲಸವೂ ಹೋಗುತ್ತದೆ.

ಇನ್ನು ಯಾವ ಕೆಲಸ? ನಿಮ್ಮ ಪತ್ರದಲ್ಲಿ ನೀವು ಬರೆಯದೆ ಬಿಟ್ಟ ಆಸ್ತಿಯೊಂದಿದೆ. ಆರು ವರ್ಷ ಹಳ್ಳಿ ಸುತ್ತಿದ್ದೀರಿ. ಯಾವ ದಾರಿ ಎಲ್ಲಿಗೆ ಹೋಗುತ್ತದೆ, ಯಾರ ಮನೆ ಎಲ್ಲಿ, ಹೊಸಬರ ಹತ್ತಿರ ಹೇಗೆ ಮಾತು ಶುರು ಮಾಡಬೇಕು, ಲೆಕ್ಕ ಹೇಗೆ ಬರೆಯಬೇಕು, ಎಲ್ಲ ಗೊತ್ತು. ಇದು ಬೇಕಾದ, ಆದರೆ ನಗದು ಮುಟ್ಟಬೇಕಿಲ್ಲದ ಕೆಲಸ ಹುಡುಕಿ. ನಿಮ್ಮ ರಾಣೆಬೆನ್ನೂರು ಬೀಜೋತ್ಪಾದನೆಗೆ ಹೆಸರಾದ ಊರು. ರೈತರ ಹೊಲದಲ್ಲಿ ಬೀಜದ ಬೆಳೆ ಬೆಳೆಸುವ ಕಂಪನಿಗಳಿಗೆ ಹೊಲ ಸುತ್ತಿ ಬೆಳೆ ನೋಡಿ ವರದಿ ಬರೆಯುವವರು ಬೇಕು. ಹನಿ ನೀರಾವರಿ ಡೀಲರ್‌ಗಳಿದ್ದಾರೆ, ಹರಿಹರ, ದಾವಣಗೆರೆ ಕಡೆ ಗೋಡೌನ್‌ಗಳಿವೆ. ಸಂಬಳ ಮೊದಲಿಗೆ ಕಡಿಮೆ ಇರಬಹುದು. ಒಪ್ಪಿಕೊಳ್ಳಿ. ಎರಡು ವರ್ಷ ಒಂದೇ ಕಡೆ ನಿಂತು ದುಡಿದರೆ, ಮುಂದಿನ ಇಂಟರ್‌ವ್ಯೂನಲ್ಲಿ ಮೊದಲು ಕೇಳುವುದು ಆ ಎರಡು ವರ್ಷದ ಬಗ್ಗೆ. ನಿಮ್ಮನ್ನು ಬಲ್ಲ ಹಳೆಯ ಬ್ರಾಂಚ್ ಮ್ಯಾನೇಜರ್ ಯಾರಾದರೂ ಬೇರೆ ಕಡೆ ಹೋಗಿದ್ದರೆ ಅವರಿಗೆ ಫೋನ್ ಮಾಡಿ. ನಡೆದದ್ದು ಗೊತ್ತಿದ್ದೂ ನಿಮ್ಮ ಪರ ಮಾತಾಡುವ ಒಬ್ಬರು ಸಿಕ್ಕರೆ ಬಹಳ ಉಪಯೋಗ. ಸಂಘದ ಹೆಂಗಸರ ಹತ್ತಿರ ಮಾತ್ರ ಶಿಫಾರಸು ಕೇಳಬೇಡಿ. ಅವತ್ತು ತೆಗೆದದ್ದು ಅವರು ಕಟ್ಟಿದ ಕಂತು. ಅವರನ್ನು ಇಕ್ಕಟ್ಟಿಗೆ ಸಿಲುಕಿಸಬಾರದು.

ಕೊನೆಗೆ ಅಪ್ಪ. ನನಗೆ ನಿಮ್ಮ ಪತ್ರದಲ್ಲಿ ಜಾಸ್ತಿ ಸಂಕಟ ಆದದ್ದು ಆ ಬ್ಯಾಗ್ ಓದಿದಾಗ. ಎಂಟು ತಿಂಗಳು ದಿನಾ ಸುಳ್ಳು ಹೊರುವುದು ಸಣ್ಣ ಸುಸ್ತಲ್ಲ ತಮ್ಮಾ. ಆ ಸುಸ್ತು ಇಂಟರ್‌ವ್ಯೂನಲ್ಲೂ ಮುಖದ ಮೇಲೆ ಕಾಣುತ್ತದೆ. ಅವರು ಬೇರೆಯವರಿಂದ ಕೇಳುವ ಮುಂಚೆ ನೀವೇ ಹೇಳಿ. ತಂಗಿಯೂ ಜೊತೆಗಿರಲಿ, ನೀವು ಹಣ ತೆಗೆದದ್ದು ಯಾತಕ್ಕೆ ಅಂತ ಅವಳು ಹೇಳುತ್ತಾಳೆ. ಬೈಯಬಹುದು, ಕೆಲವು ದಿನ ಮಾತು ಬಿಡಬಹುದು. ಆದರೆ ಹೊಲ ಇರುವ ಮನೆಯಾಗಿದ್ದರೆ ಬೀಜದ ಕಂಪನಿಯವರ ಪರಿಚಯ ಅವರಿಗೇ ಇರಬಹುದು. ಬಿತ್ತನೆ ಶುರುವಾಗುವ ಮುಂಚೆ ಅವರ ಜೊತೆಗೇ ಹೋಗಿ ಕೆಲಸ ಕೇಳಿ.