ಪುಣೆಯ ಫ್ಲ್ಯಾಟ್ ಬಾಡಿಗೆಗೆ ಕೊಡಲು ಸ್ಟ್ಯಾಂಪ್ ಪೇಪರ್ ಮೇಲಿನ 11 ತಿಂಗಳ ಕರಾರು ಸಾಕಾ?

ಸಾಲದು. ಕೋಥ್ರೂಡ್‌ನಲ್ಲಿ ಫ್ಲ್ಯಾಟ್ ಇದೆ, ನಾವು ಧಾರವಾಡಕ್ಕೆ ವಾಪಸ್ ಬಂದಿದ್ದೇವೆ, ಬಾಡಿಗೆಗೆ ಬರುವವರು ಪರಿಚಯದವರೇ, ನೋಟರಿ ಮಾಡಿಸಿದ್ರೆ ಆಗಲ್ವಾ ಎಂದು ಕೇಳಿದ್ದೀರಿ. ನಮ್ಮ ಕಡೆ ಅದೇ ರೂಢಿ, ನಿಜ. ಆದರೆ ಮನೆ ಇರುವುದು ಮಹಾರಾಷ್ಟ್ರದಲ್ಲಿ. ನಾನೂ ಪುಣೆಯಲ್ಲಿ ಒಂದು ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿದ್ದೇನೆ, ನಮ್ಮ ಸೊಸೈಟಿ ಕಮಿಟಿಯಲ್ಲೂ ಇದ್ದೇನೆ. ಈ ಪ್ರಶ್ನೆ ಹೊಸದಲ್ಲ.

11 ತಿಂಗಳಿದ್ದರೆ ರಿಜಿಸ್ಟ್ರೇಷನ್ ಬೇಡ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಕರಾರು ಬರವಣಿಗೆಯಲ್ಲಿರಬೇಕು, ರಿಜಿಸ್ಟರ್ ಕೂಡ ಆಗಬೇಕು. ಅವಧಿ ಎಷ್ಟೇ ಇರಲಿ. ಮಾಡಿಸುವ ಜವಾಬ್ದಾರಿ ಮಾಲೀಕರದ್ದು, ಬಾಡಿಗೆದಾರರದ್ದಲ್ಲ. ಮಾಡಿಸದಿದ್ದರೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ನನ್ನ ಕೇಳಿದರೆ ಹೆದರಬೇಕಾದ್ದು ಈ ದಂಡಕ್ಕಲ್ಲ. ರಿಜಿಸ್ಟರ್ ಆದ ಕರಾರು ಇಲ್ಲದಿದ್ದರೆ ಷರತ್ತುಗಳ ಬಗ್ಗೆ ಬಾಡಿಗೆದಾರರು ಹೇಳಿದ್ದೇ ಸರಿ ಎಂದು ಕಾನೂನು ಹಿಡಿಯುತ್ತದೆ. ಸುಳ್ಳು ಎಂದು ಸಾಬೀತು ಮಾಡುವ ಪಾಡು ನಿಮ್ಮದು. ಡಿಪಾಸಿಟ್ ಎರಡು ಲಕ್ಷ ಕೊಟ್ಟಿದ್ದೆ, ಐದು ವರ್ಷ ಇರಬಹುದು ಅಂದಿದ್ದರು ಎಂದು ಅವರು ಹೇಳಿದರೆ ಏನು ಮಾಡುತ್ತೀರಿ?

ಇಲ್ಲಿ ಹೆಚ್ಚಿನವರು ಮಾಡಿಸುವುದು ಲೀವ್ ಅಂಡ್ ಲೈಸೆನ್ಸ್. ಅಂದರೆ ಮನೆಯಲ್ಲಿ ಇರಲು ಅನುಮತಿ ಅಷ್ಟೇ, ಮನೆಯ ಮೇಲೆ ಹಕ್ಕು ಹುಟ್ಟುವುದಿಲ್ಲ. ಅವಧಿ ಮುಗಿದ ಮೇಲೂ ಬಿಡದಿದ್ದರೆ ಅದೇ ಕಾಯ್ದೆಯ 24ನೇ ಸೆಕ್ಷನ್ ನಿಮ್ಮ ಕೈಯಲ್ಲಿದೆ. ಸಿವಿಲ್ ಕೋರ್ಟಿಗೆ ಅಲೆಯಬೇಕಿಲ್ಲ. ಕಾಂಪಿಟೆಂಟ್ ಅಥಾರಿಟಿ ಎಂಬ ಅಧಿಕಾರಿಯ ಮುಂದೆ ಅರ್ಜಿ ಹಾಕಬಹುದು. ಬಿಡದೇ ಕೂತ ದಿನಗಳಿಗೆ ಬಾಡಿಗೆಯ ಎರಡು ಪಟ್ಟು ಕಟ್ಟಬೇಕಾಗುತ್ತದೆ. ಅಲ್ಲಿ ಲಿಖಿತ ಕರಾರಿನಲ್ಲಿರುವುದನ್ನೇ ಅಂತಿಮ ಸಾಕ್ಷ್ಯ ಎಂದು ತೆಗೆದುಕೊಳ್ಳುತ್ತಾರೆ. ಪರಿಚಯದವರಾದರೆ ಇದು ಇನ್ನೂ ಮುಖ್ಯ, ಯಾಕೆಂದರೆ ಅವರ ಹತ್ತಿರ ನೀವು ಬಾಯಿಬಿಟ್ಟು ಕೇಳಲಾರಿರಿ.

ಖರ್ಚಿನ ಬಗ್ಗೆ ಎಲ್ಲರೂ ಸುಮ್ನೆ ಹೆದರುತ್ತಾರೆ. ಸ್ಟ್ಯಾಂಪ್ ಡ್ಯೂಟಿ 0.25%. ಇಡೀ ಅವಧಿಯ ಬಾಡಿಗೆ, ಜೊತೆಗೆ ವಾಪಸ್ ಕೊಡುವ ಡಿಪಾಸಿಟ್ ಮೇಲೆ ವರ್ಷಕ್ಕೆ 10% ಬಡ್ಡಿ, ಇವೆರಡನ್ನೂ ಕೂಡಿಸಿದ ಮೊತ್ತದ ಮೇಲೆ. ತಿಂಗಳಿಗೆ 20,000 ಬಾಡಿಗೆ, 60,000 ಡಿಪಾಸಿಟ್, 11 ತಿಂಗಳು ಎಂದರೆ ಹೆಚ್ಚೂಕಡಿಮೆ 600 ರೂಪಾಯಿ. ಮಹಾನಗರ ಪಾಲಿಕೆ ವ್ಯಾಪ್ತಿಯಲ್ಲಿ ರಿಜಿಸ್ಟ್ರೇಷನ್ ಶುಲ್ಕ 1,000. ಏಜೆಂಟರ ಫೀಸು ಬೇರೆ, ಅದರಲ್ಲಿ ಚೌಕಾಸಿ ಮಾಡಿ. ಆನ್‌ಲೈನ್‌ನಲ್ಲೇ ಆಗುತ್ತದೆ. ಆಧಾರ್ ಜೊತೆ ಹೆಬ್ಬೆರಳು ಒತ್ತುವ ಸಣ್ಣ ಯಂತ್ರ, ಕ್ಯಾಮೆರಾ ಇದ್ದರೆ ಸಾಕು. ಆದ್ದರಿಂದ ಧಾರವಾಡದಲ್ಲಿ ಕೂತೇ ಮುಗಿಸಬಹುದು, ಇದಕ್ಕೆಂದೇ ಬಸ್ ಹತ್ತಬೇಕಿಲ್ಲ.

ಪೊಲೀಸರಿಗೂ ಮಾಹಿತಿ ಕೊಡಿ. ಪುಣೆ ಪೊಲೀಸರ ವೆಬ್‌ಸೈಟ್‌ನಲ್ಲೇ ಬಾಡಿಗೆದಾರರ ಫಾರಂ ಇದೆ, ಕಾಗದ ಹಿಡಿದು ಠಾಣೆಗೆ ಹೋಗುವ ಕೆಲಸವಿಲ್ಲ.

ಇನ್ನು ಸೊಸೈಟಿ. ಸಹಕಾರಿ ಹೌಸಿಂಗ್ ಸೊಸೈಟಿಯಾದರೆ ಕಮಿಟಿಗೆ ಮೊದಲೇ ತಿಳಿಸಿ, ಕರಾರಿನ ಪ್ರತಿ ಕೊಡಿ. ತಿಳಿಸಬೇಕು ಅಷ್ಟೇ, ಸೊಸೈಟಿಗಳ ಮಾದರಿ ಬೈಲಾ (ನಿಯಮಾವಳಿ) ಪ್ರಕಾರ ಅವರ ಅನುಮತಿ ಬೇಕಿಲ್ಲ. ಮಾಲೀಕರು ತಾವೇ ವಾಸ ಇಲ್ಲದ ಫ್ಲ್ಯಾಟಿಗೆ ಸೊಸೈಟಿ ಹಾಕುವ ನಾನ್ ಆಕ್ಯುಪೆನ್ಸಿ ಚಾರ್ಜನ್ನು ಬೇಕಾದಷ್ಟು ಹಾಕುವಂತೆಯೂ ಇಲ್ಲ. 2001ರ ಸರ್ಕಾರಿ ಆದೇಶದಂತೆ ಅದು ಸರ್ವಿಸ್ ಚಾರ್ಜಿನ 10% ದಾಟಬಾರದು. ಇಡೀ ಮೆಂಟೆನೆನ್ಸ್ ಬಿಲ್ಲಿನ 10% ಅಲ್ಲ, ಅದರೊಳಗಿನ ಸರ್ವಿಸ್ ಚಾರ್ಜ್ ಎಂಬ ಸಾಲಿನದ್ದು. ಕಮಿಟಿಯಲ್ಲಿದ್ದುಕೊಂಡು ಹೇಳುತ್ತೇನೆ: ಈ ಲೆಕ್ಕವನ್ನು ಕೇಳಿ ಪಡೆಯಿರಿ, ಕೇಳದವರಿಗೆ ಯಾರೂ ಬಿಡಿಸಿ ತೋರಿಸುವುದಿಲ್ಲ. ಪುಣೆಯಲ್ಲಿ ಕೆಲವು ಕಟ್ಟಡಗಳು ಸೊಸೈಟಿ ಅಲ್ಲ, 1970ರ ಅಪಾರ್ಟ್‌ಮೆಂಟ್ ಕಾಯ್ದೆಯಡಿ ಬರುತ್ತವೆ. ಅಲ್ಲಿ ನಿಯಮ ಬೇರೆ. ನಿಮ್ಮದು ಯಾವುದು ಎಂದು ಮೊದಲು ನೋಡಿಕೊಳ್ಳಿ.

ಮಾಲೀಕರೇ ವಾಸ ಇರುವ ಮನೆಗೆ ಪುಣೆ ಪಾಲಿಕೆ ಕೊಡುವ 40% ಆಸ್ತಿ ತೆರಿಗೆ ರಿಯಾಯಿತಿ ಬಾಡಿಗೆಗೆ ಕೊಟ್ಟ ಮನೆಗೆ ಸಿಗುವುದಿಲ್ಲ. ಬಾಡಿಗೆ ಹೇಳುವಾಗಲೇ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಆದಾಯ ತೆರಿಗೆಯಲ್ಲಿ ಮಾತ್ರ ಸ್ವಲ್ಪ ನೆಮ್ಮದಿ: ನೀವು ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದ ಬಾಡಿಗೆಯಲ್ಲಿ 30% ಯಾವ ರಸೀದಿಯೂ ಇಲ್ಲದೆ ಬಿಟ್ಟುಕೊಡುತ್ತಾರೆ.

ಡಿಪಾಸಿಟ್, ಬಾಡಿಗೆ ಎರಡನ್ನೂ ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ. ಅವಧಿ ಮುಗಿದ ಮೇಲೆ ಹೊಸ ಕರಾರು ಮಾಡದೆ ಬಾಡಿಗೆ ತೆಗೆದುಕೊಳ್ಳುತ್ತಾ ಹೋಗಬೇಡಿ. ಕರೆಂಟ್ ಬಿಲ್ ನಿಮ್ಮ ಹೆಸರಲ್ಲೇ ಇರುತ್ತದೆ, ಬಾಕಿ ಉಳಿದರೆ ಮಹಾವಿತರಣದವರು ಹುಡುಕುವುದು ನಿಮ್ಮನ್ನೇ. ತಿಂಗಳಿಗೊಮ್ಮೆ ಆನ್‌ಲೈನ್‌ನಲ್ಲಿ ನೋಡುತ್ತಿರಿ.