ಆಲ್ಫಾ ಕಣ ಒಂದೇ ಏಟಿಗೆ ತಿರುಗಿತೇ?

ಪ್ರಶ್ನೆ: ಸರ್, ಚಿನ್ನದ ಹಾಳೆಗೆ ಬಿಟ್ಟ ಆಲ್ಫಾ ಕಣಗಳಲ್ಲಿ (ವೇಗವಾಗಿ ಹಾರುವ, ಪ್ಲಸ್ ಚಾರ್ಜಿನ ಪುಟ್ಟ ಕಣಗಳು) ಕೆಲವು ವಾಪಸ್ ಬಂದವು, ಅದರಿಂದ ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಎಂಬ ಪುಟ್ಟ ತಿರುಳು ಇದೆ ಅಂತ ಗೊತ್ತಾಯಿತು ಎಂದು ಪುಸ್ತಕದಲ್ಲಿದೆ. ಆದರೆ ಎಷ್ಟೇ ತೆಳುವಾದ ಹಾಳೆಯಲ್ಲೂ ನೂರಾರು ಪರಮಾಣು ಪದರಗಳು ಇರುತ್ತವೆ ಅಲ್ವಾ? ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ ತಿರುಗುತ್ತಾ ಕೊನೆಗೆ ವಾಪಸ್ ಬಂದಿರಬಹುದಲ್ಲ? ಕಾಲೇಜಿನಲ್ಲಿ ಕೇಳಿದರೆ "ಪರೀಕ್ಷೆಗೆ ಅಷ್ಟೆಲ್ಲ ಬೇಡ" ಎಂದರು.
— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಹಾವೇರಿ

ಉತ್ತರ: ಪರೀಕ್ಷೆಗೆ ಬೇಡದಿದ್ದರೆ ಏನಂತೆ, ನನಗೆ ಬೇಕು. ನೀನು ನನ್ನ ಮೊಮ್ಮಗಳ ವಯಸ್ಸಿನವಳು, ಏಕವಚನಕ್ಕೆ ಬೇಜಾರಿಲ್ಲ ತಾನೇ? ಮೂವತ್ತು ಚಿಲ್ಲರೆ ವರ್ಷ ಫಿಸಿಕ್ಸ್ ಪಾಠ ಮಾಡಿದವನು ನಾನು. ಈ ಪ್ರಶ್ನೆ ಕೇಳುವವರು ಅಪರೂಪ. ಆ ನ್ಯೂಕ್ಲಿಯಸ್ಸಿನ ವಾದ ಮುಂದಿಟ್ಟ ವಿಜ್ಞಾನಿ ರುದರ್‌ಫೋರ್ಡ್ ಮುಂದೆ ಇದ್ದದ್ದೂ ಇದೇ ಪ್ರಶ್ನೆ.

ಮೊದಲು ಒಂದು ಸಣ್ಣ ವಿಷಯ. "8000ಕ್ಕೆ ಒಂದು ಕಣ ವಾಪಸ್ ಬಂತು" ಅಂತ ಎಲ್ಲರೂ ಚಿನ್ನದ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಅದು ಪ್ಲಾಟಿನಂ ತಗಡಿನ ಲೆಕ್ಕ. 1909ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ರುದರ್‌ಫೋರ್ಡ್ ಜೊತೆಗಿದ್ದ ಗೈಗರ್ ಮತ್ತು ಮಾರ್ಸ್‌ಡನ್ ಅದನ್ನು ಕಂಡರು. ಮಾರ್ಸ್‌ಡನ್ ಆಗಿನ್ನೂ ಇಪ್ಪತ್ತರ ಹುಡುಗ, ವಿದ್ಯಾರ್ಥಿ.

ಈಗ ನಿನ್ನ ಅನುಮಾನಕ್ಕೆ ಬರೋಣ. ಚಿನ್ನದ ಹಾಳೆಯ ದಪ್ಪ 0.00004 ಸೆಂಟಿಮೀಟರ್. ಅಂದರೆ ಸಾವಿರಕ್ಕೂ ಜಾಸ್ತಿ ಪದರ. ಅದನ್ನು ದಾಟುವಾಗ ಕಣಗಳು ಸಾಮಾನ್ಯವಾಗಿ ತಿರುಗುತ್ತಿದ್ದದ್ದು ಬರೀ 0.87 ಡಿಗ್ರಿ. ಜಾತ್ರೆಯ ನೂಕುನುಗ್ಗಲು ನೋಡಿದ್ದೀಯಲ್ಲ, ಒಬ್ಬ ಎಡಕ್ಕೆ ತಳ್ಳಿದರೆ ಇನ್ನೊಬ್ಬ ಬಲಕ್ಕೆ ತಳ್ಳುತ್ತಾನೆ. ಸಣ್ಣ ಸಣ್ಣ ನೂಕುಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಎಲ್ಲ ನೂಕೂ ಒಂದೇ ಕಡೆಗೆ ಸೇರಿ 90 ಡಿಗ್ರಿ ಆಗುವ ಸಾಧ್ಯತೆ ಸೊನ್ನೆ ಎಂದರೂ ನಡೆಯುತ್ತದೆ. ಆದರೆ 20,000ಕ್ಕೆ ಸುಮಾರು ಒಂದು ಕಣ ಅಷ್ಟು ತಿರುಗುತ್ತಿತ್ತು. ಹಾಗಿದ್ದರೆ ಅದು ಒಂದೇ ಏಟಿನ ಕೆಲಸ ಎಂದು ರುದರ್‌ಫೋರ್ಡ್ 1911ರಲ್ಲಿ ವಾದಿಸಿದರು. ಒಂದೇ ಪರಮಾಣು ಅಷ್ಟು ಜೋರಾಗಿ ತಳ್ಳಬೇಕಾದರೆ ಅದರ ಚಾರ್ಜು, ವಿಜ್ಞಾನಿ ಥಾಮ್ಸನ್ ಹೇಳಿದಂತೆ, ಇಡೀ ಪರಮಾಣುವಿನಲ್ಲಿ ಹರಡಿಕೊಂಡಿದ್ದರೆ ಆಗದು. ಪರಮಾಣುವಿನ ಅಗಲದಲ್ಲಿ ಸಾವಿರಾರು ಪಾಲು ಮಾಡಿದರೆ ಒಂದು ಪಾಲಿನಷ್ಟು ಜಾಗದಲ್ಲಿ ಅದು ಒತ್ತೊತ್ತಾಗಿ ಕೂತಿರಬೇಕು.

ವಾದ ಚೆನ್ನಾಗಿದೆ, ಆದರೆ ವಾದ ಅಷ್ಟೆ. ಪರೀಕ್ಷೆ ಮಾಡೋದು ಹೇಗೆ? ಹಾಳೆಯ ದಪ್ಪ ಬದಲಿಸಿ ನೋಡಬೇಕು. ಒಂದೇ ಏಟು ಸಾಕು ಎನ್ನುವುದಾದರೆ, ದಪ್ಪ ಎರಡು ಪಟ್ಟಾದಾಗ ತಿರುಗಿದ ಕಣಗಳೂ ಎರಡು ಪಟ್ಟಾಗಬೇಕು. ಎರಡು ಏಟು ಬೇಕೆಂದರೆ ನಾಲ್ಕು ಪಟ್ಟು. ಗೈಗರ್, ಮಾರ್ಸ್‌ಡನ್ 1913ರಲ್ಲಿ ಇದನ್ನೇ ಅಳೆದರು. ತೆಳು ಹಾಳೆಗಳಲ್ಲಿ ಎರಡಕ್ಕೆ ಎರಡೇ ಬಂತು.

ಅಳೆಯುವುದು ಸುಲಭದ ಮಾತಾಗಿರಲಿಲ್ಲ. ಗಾಳಿ ತೆಗೆದ ಲೋಹದ ಡಬ್ಬಿ. ಒಳಗೆ ಕಣ ಉಗುಳುವ ರೇಡಾನ್, ಅದರ ಮುಂದೆ ಹಾಳೆ. ಪಕ್ಕಕ್ಕೆ ಸತುವಿನ ಸಲ್ಫೈಡ್ ಬಳಿದ ಪುಟ್ಟ ಪರದೆ, ಅದಕ್ಕೆ ಅಂಟಿಕೊಂಡಂತೆ ಮೈಕ್ರೋಸ್ಕೋಪು. ಕಣ ಬಿದ್ದಲ್ಲಿ ಚುಕ್ಕಿಯಷ್ಟು ಬೆಳಕು ಮಿನುಗಿ ಮಾಯ. ಮೊದಲು ಕತ್ತಲಲ್ಲಿ ಕೂತು ಕಣ್ಣು ಪಳಗಿಸಿಕೊಳ್ಳಬೇಕು, ಆಮೇಲೆ ಎಣಿಕೆ. ನಿಮಿಷಕ್ಕೆ 90ಕ್ಕಿಂತ ಜಾಸ್ತಿ ಮಿನುಗಿದರೆ ಲೆಕ್ಕ ತಪ್ಪುತ್ತದೆ. ಹಾಗಿದ್ದೂ ಒಟ್ಟು ಒಂದು ಲಕ್ಷಕ್ಕೂ ಮೀರಿ ಎಣಿಸಿದರು. ರುದರ್‌ಫೋರ್ಡ್ ಒಮ್ಮೆ ಈ ಎಣಿಕೆಗೆ ಕೂತು, ಎರಡು ನಿಮಿಷಕ್ಕೇ ಬೈದುಕೊಂಡು ಎದ್ದುಹೋದರಂತೆ. ಗೈಗರ್ ಮಾತ್ರ ರಾತ್ರಿಯಿಡೀ ಎಣಿಸಬಲ್ಲವರು. ಇಂಥ ಕಣಗಳನ್ನು ತಾನೇ ಎಣಿಸುವ, ಅವರ ಹೆಸರಿನ ಕೌಂಟರ್ ಆಮೇಲೆ ಬಂದದ್ದರಲ್ಲಿ ನನಗೇನೂ ಆಶ್ಚರ್ಯ ಇಲ್ಲ!

ಅವರ ಕೋಷ್ಟಕವನ್ನು ಸ್ವಲ್ಪ ನೋಡು. ಒಂದೇ ಏಟಿನ ಲೆಕ್ಕದ ಪ್ರಕಾರ, ತಿರುಗಿದ ಕೋನದ ಅರ್ಧಕ್ಕೆ ಸೈನ್ ತೆಗೆದು ಅದರ ನಾಲ್ಕನೇ ಘಾತದಿಂದ 1ನ್ನು ಭಾಗಿಸಬೇಕು, ಬೀಳುವ ಕಣಗಳ ಎಣಿಕೆ ಅದೇ ಪ್ರಮಾಣದಲ್ಲಿರುತ್ತದೆ. ಅರ್ಧ ಮಾಡುವುದನ್ನು ಮರೆಯಬೇಡ, ಎಲ್ಲರೂ ಎಡವುವುದು ಅಲ್ಲೇ. ಹಾಗೆ ಮಾಡಿದರೆ 120 ಡಿಗ್ರಿಯಲ್ಲಿ ಬಿದ್ದದ್ದರ 9 ಪಟ್ಟು 60 ಡಿಗ್ರಿಯಲ್ಲಿ ಬೀಳಬೇಕು. ಚಿನ್ನಕ್ಕೆ ಅವರಿಗೆ ಸಿಕ್ಕ ಎಣಿಕೆ 120ರಲ್ಲಿ 51.9, 60ರಲ್ಲಿ 477. ಭಾಗಿಸಿದರೆ 9.2. ಕತ್ತಲಲ್ಲಿ ಕಣ್ಣಲ್ಲೇ ಎಣಿಸಿದ ಲೆಕ್ಕ ಇದು!

ಇನ್ನೊಂದು ತಮಾಷೆ. ನಡುವಿನ ಚಾರ್ಜು ಪ್ಲಸ್ಸೋ ಮೈನಸ್ಸೋ ಎಂದು ರುದರ್‌ಫೋರ್ಡ್ 1911ರಲ್ಲಿ ತೀರ್ಮಾನಿಸಿರಲಿಲ್ಲ. ತಳ್ಳಿದರೂ ಸೆಳೆದರೂ ಈ ಸೂತ್ರ ಕೊಡುವ ಉತ್ತರ ಒಂದೇ. ಬೇರೆ ಸಾಕ್ಷಿಗೆ ಕಾಯಬೇಕಾಯಿತು.

75 ಡಿಗ್ರಿಗೆ ಅವರ ಎಣಿಕೆ 211. ಕ್ಯಾಲ್ಕುಲೇಟರ್ ತೆಗೆದು 120ರ ಜೊತೆ ನೀನೇ ಹೋಲಿಸಿ ನೋಡು. ಎಷ್ಟು ಬಂತು ಅಂತ ನನಗೂ ಬರೆ.